ವೈಮಾನಿಕ ಶಾಸ್ತ್ರವೂ ನಮ್ಮ ಅಭಿಮಾನವೂ

ಮನುಷ್ಯನು ಯಂತ್ರದ ಬಲದಿಂದ ಮೊಟ್ಟಮೊದಲು ಆಕಾಶಕ್ಕೇರಿದ್ದು ಎಲ್ಲಿ, ಯಾವಾಗ? ಶಾಲೆಯ ಪಠ್ಯಪುಸ್ತಕ ಕೊಡುವ ಉತ್ತರ: 1903ರ ಡಿಸೆಂಬರ್ 17, ಅಮೆರಿಕದ ಕಿಟಿ ಹಾಕ್. ಹೊರನಾಡಿನ ನಮ್ಮ ಸಂಘಸಂಸ್ಥೆಗಳ ವೇದಿಕೆಗಳ ಮೇಲೆ ಮಾತ್ರ ಇನ್ನೊಂದು ಉತ್ತರ ಬಹುಕಾಲದಿಂದ ಓಡಾಡಿಕೊಂಡಿದೆ: 1895, ಮುಂಬಯಿಯ ಚೌಪಾಟಿ ಕಡಲತೀರ. ಹಾರಿಸಿದವರು ಶಿವಕರ ಬಾಪೂಜಿ ತಳಪದೆ. ಅದಕ್ಕೆ ಆಧಾರವಾದದ್ದು ನಮ್ಮ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಮೂಲಕ ಲೋಕಕ್ಕೆ ಬಂದ, ಭರದ್ವಾಜ ಮಹರ್ಷಿಗಳದೆನ್ನಲಾದ ‘ವೈಮಾನಿಕ ಶಾಸ್ತ್ರ’. ರೈಟ್ ಸೋದರರಿಗಿಂತ ಎಂಟು ವರ್ಷ ಮೊದಲೇ ನಾವು ಹಾರಿದ್ದೆವು. ಬಿಳಿಯರು ಕೀರ್ತಿಯನ್ನು ಕದ್ದರು. ಮರಾಠಿಗರಿಗೆ ತಳಪದೆಯವರ ಹೆಸರಿನಲ್ಲಿ, ಕನ್ನಡಿಗರಿಗೆ ಶಾಸ್ತ್ರಿಗಳ ಹೆಸರಿನಲ್ಲಿ ಹೆಮ್ಮೆಪಡಲು ಅವಕಾಶವಿರುವ ಕತೆಯಿದು. ಬೆಳಗಾವಿಯ ವಿಷಯದಲ್ಲಿ ಇಂದಿಗೂ ಒಮ್ಮತಕ್ಕೆ ಬಾರದ ಎರಡು ಭಾಷೆಗಳವರು ಈ ಒಂದು ವಿಮಾನದಲ್ಲಿ ಮಾತ್ರ ಅಕ್ಕಪಕ್ಕದ ಆಸನಗಳಲ್ಲಿ ಕುಳಿತಿದ್ದಾರೆ.

ಈ ಕತೆ ಸುಳ್ಳು ಎಂದು ನಾನು ಹೇಳುತ್ತೇನೆ. ಸುಳ್ಳಾದರೂ ನಿರುಪದ್ರವಿ, ಮಕ್ಕಳಲ್ಲಿ ಸ್ವಾಭಿಮಾನ ಬೆಳೆಸುತ್ತದಲ್ಲ ಎಂಬ ಸಮಾಧಾನವನ್ನೂ ನಾನು ಒಪ್ಪಲಾರೆ. ಅದು ಉಪದ್ರವಿಯೇ ಹೌದು, ಅದರಿಂದ ಹೆಚ್ಚು ನಷ್ಟವಾಗಿರುವುದು ಕನ್ನಡಿಗರಿಗೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಈ ಮಾತನ್ನು ಸಭೆಗಳಲ್ಲಿ ಆಡಿದಾಗ ನನಗೆ ದೊರೆತಿರುವ ಬಿರುದು ‘ಮೆಕಾಲೆಯ ಮೊಮ್ಮಗ’. ಬಿರುದು ಕೊಟ್ಟವರು ಪುರಾವೆಯೊಂದನ್ನೂ ಜೊತೆಗೆ ಕೊಟ್ಟಿದ್ದರೆ ಇನ್ನಷ್ಟು ಸಂತೋಷಪಡುತ್ತಿದ್ದೆ.

ನಾನು ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕಗಳನ್ನು ಕೇಂದ್ರ ಸರಕಾರದ ಲೆಕ್ಕಪತ್ರಗಳ ತಪಾಸಣೆಯಲ್ಲಿ ಕಳೆದವನು. ನಮ್ಮ ಇಲಾಖೆಯಲ್ಲಿ ಒಂದು ಸಂಪ್ರದಾಯವಿದೆ. ಸೇತುವೆ ಕಟ್ಟಿಸಿದೆವೆಂದು ಎಂಜಿನಿಯರರು ಎಷ್ಟೇ ಆಣೆ ಹಾಕಲಿ, ಅಳತೆ ಪುಸ್ತಕವನ್ನು ತೋರಿಸುವವರೆಗೆ ಹಣ ಬಿಡುಗಡೆಯಾಗದು. ಯಾವ ದಿನ, ಯಾವ ಸ್ಥಳದಲ್ಲಿ, ಎಷ್ಟು ಉದ್ದ, ಎಷ್ಟು ಅಗಲ, ಅಳೆದವರು ಯಾರು, ಅವರ ಸಹಿ ಎಲ್ಲಿ? ಇಷ್ಟನ್ನೇ ಚೌಪಾಟಿಯ ವಿಮಾನದ ಬಗ್ಗೆಯೂ ಕೇಳಿ ನೋಡೋಣ.

ಮೊದಲಿಗೆ ಗ್ರಂಥದ ವಿಚಾರ. ಸುಬ್ಬರಾಯ ಶಾಸ್ತ್ರಿಗಳು ಬಡತನದಲ್ಲೂ ಕಾಯಿಲೆಯಲ್ಲೂ ನೊಂದು, ಊರೂರು ಅಲೆದು, ಕೋಲಾರದ ಆವನಿಯ ಬಳಿ ಗುರುವೊಬ್ಬರ ಅನುಗ್ರಹ ಪಡೆದುದಾಗಿ ಹೇಳಿಕೊಂಡು, ಕಡೆಗೆ ಆನೇಕಲ್ಲಿನಲ್ಲಿ ನೆಲೆಸಿದವರು. ಅವರ ಬಾಯಿಂದ ಬಂದ ಶ್ಲೋಕಗಳನ್ನು 1918ರಿಂದ 1923ರವರೆಗೆ ಜಿ. ವೆಂಕಟಾಚಲ ಶರ್ಮರು ಬರೆದುಕೊಂಡರು. ಚಿತ್ರಗಳನ್ನು ಬರೆದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಕ್ಷೆಗಾರರಾದ ಟಿ. ಕೆ. ಎಲ್ಲಪ್ಪನವರು. 1959ರಲ್ಲಿ ಹಿಂದಿ ಆವೃತ್ತಿಯೂ 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರ ಇಂಗ್ಲಿಷ್ ಆವೃತ್ತಿಯೂ ಬಂದವು. ತಾಳೆಗರಿಯಿಲ್ಲ, ಪ್ರತಿಗಳ ಪರಂಪರೆಯಿಲ್ಲ. ಶಾಸ್ತ್ರಿಗಳೇ ಇದನ್ನು ಗ್ರಂಥದಿಂದ ಓದಿ ಹೇಳಿದೆನೆನ್ನಲಿಲ್ಲ. ಅಂತರ್ದೃಷ್ಟಿಗೆ ಗೋಚರಿಸಿದ್ದೆಂಬುದೇ ಅವರ ನಿಲುವಾಗಿತ್ತು. ಆ ಮಟ್ಟಿಗೆ ಅವರು ಪ್ರಾಮಾಣಿಕರು. ಅವರ ಕಷ್ಟಜೀವನದ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರಿರುವುದು ಅವರ ದರ್ಶನವನ್ನು ಎಂಜಿನಿಯರಿಂಗ್ ಕೈಪಿಡಿಯೆಂದು ಮಾರುತ್ತಿರುವವರೊಡನೆ.

ಆ ಗ್ರಂಥವನ್ನು ಮುಟ್ಟಿಯೂ ನೋಡದೆ ಪಾಶ್ಚಾತ್ಯ ವಿದ್ಯಾವಂತರು ತಿರಸ್ಕರಿಸಿದರು ಎಂಬ ಆರೋಪವಿದೆ. ಇದೂ ಸುಳ್ಳು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು — ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು — ಅದನ್ನು ಶ್ಲೋಕಶ್ಲೋಕವಾಗಿ ಪರಿಶೀಲಿಸಿ ವಿಮರ್ಶಾತ್ಮಕ ಅಧ್ಯಯನವೊಂದನ್ನು ಪ್ರಕಟಿಸಿದರು. ಭಾಷೆಯನ್ನು ನೋಡಿದರು: ವೈದಿಕ ಸಂಸ್ಕೃತದ ಲಕ್ಷಣಗಳಿಲ್ಲ, ಇತ್ತೀಚಿನ ಸರಳ ಅನುಷ್ಟುಪ್ಪು. ಕಾಲವನ್ನು ನೋಡಿದರು: 1904ಕ್ಕಿಂತ ಹಿಂದಿನದೆನ್ನಲು ಆಧಾರವಿಲ್ಲ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ರಚನೆಯನ್ನು ನೋಡಿದರು. ಒಂದೂ ಹಾರಲಾರದು, ಅವುಗಳ ಆಕಾರ, ಚಾಲನೆಯ ಕ್ರಮಗಳೆರಡೂ ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಪಡಿಸುವಂಥವು ಎಂದು ತೀರ್ಮಾನಿಸಿದರು. ನಾಲ್ಕರಲ್ಲಿ ರುಕ್ಮ ವಿಮಾನದ ಹಿಂದೆ ಮಾತ್ರ ಅರ್ಥವಾಗುವಂಥ ಕಲ್ಪನೆಯೊಂದಿದೆ, ಮೇಲಿನಿಂದ ಗಾಳಿಯನ್ನೆಳೆದು ಕೆಳಕ್ಕೆ ತಳ್ಳುವ ಕೊಳವೆಗಳ ಕಲ್ಪನೆ, ಎಂದು ಒಪ್ಪಿಕೊಳ್ಳುವಷ್ಟು ನಿಷ್ಪಕ್ಷಪಾತಿಗಳೂ ಅವರಾಗಿದ್ದರು.

ಈ ಐವರನ್ನು ಮೆಕಾಲೆಯ ವಂಶಕ್ಕೆ ಸೇರಿಸುವ ಮುನ್ನ ಒಂದು ಸಂಗತಿಯನ್ನು ಗಮನಿಸಬೇಕು. ಅವರಲ್ಲೊಬ್ಬರಾದ ನಾಗೇಂದ್ರರು ಮುಂದೆ ವಿಜ್ಞಾನ ಸಂಸ್ಥೆಯನ್ನು ಬಿಟ್ಟು ಯೋಗಕ್ಕೆ ತಮ್ಮನ್ನು ಅರ್ಪಿಸಿಕೊಂಡು, ಬೆಂಗಳೂರಿನ ಹೊರವಲಯದಲ್ಲಿ ವಿವೇಕಾನಂದರ ಹೆಸರಿನ ಯೋಗ ವಿಶ್ವವಿದ್ಯಾಲಯವನ್ನೇ ಕಟ್ಟಿದವರು. 2016ರಲ್ಲಿ ಪದ್ಮಶ್ರೀ ಪಡೆದವರು. ಪರಂಪರೆಯ ಮೇಲಿನ ಪ್ರೀತಿಗೂ ಸುಳ್ಳನ್ನು ಸುಳ್ಳೆನ್ನುವ ಧೈರ್ಯಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇನ್ನು ಚೌಪಾಟಿ. ತಳಪದೆಯವರ ‘ಮರುತ್ಸಖ’ ಸಾವಿರದ ಐನೂರು ಅಡಿ ಎತ್ತರಕ್ಕೇರಿ ಬಿದ್ದಿತು, ಪಾದರಸದಿಂದ ನಡೆಯಿತು, ನ್ಯಾಯಮೂರ್ತಿ ರಾನಡೆಯವರೂ ಬರೋಡೆಯ ಸಯಾಜಿರಾವ್ ಮಹಾರಾಜರೂ ನೋಡಿದರು, ‘ಕೇಸರಿ’ ಪತ್ರಿಕೆ ವರದಿ ಮಾಡಿತು ಎನ್ನುತ್ತಾರೆ. ಯಾವ ತಿಂಗಳು, ಯಾವ ದಿನ, ‘ಕೇಸರಿ’ಯ ಯಾವ ಸಂಚಿಕೆ, ಯಾವ ಪುಟ ಎಂದು ಹೀಗೆ ಹೇಳಿದ ಪ್ರತಿಯೊಬ್ಬರನ್ನೂ ಕೇಳಿದ್ದೇನೆ. ಉತ್ತರ ಬಂದಿಲ್ಲ. ಹೈಕೋರ್ಟಿನ ನ್ಯಾಯಾಧೀಶರೊಬ್ಬರೂ ಮಹಾರಾಜರೊಬ್ಬರೂ ಕಣ್ಣಾರೆ ಕಂಡ ಜಗದ್ವಿಸ್ಮಯದ ಬಗ್ಗೆ ಅವರ ಕೈಬರಹದ ಒಂದು ಸಾಲನ್ನು ತೋರಿಸಿ ಎಂದರೂ ಮೌನ. ಇದಕ್ಕಿಂತ ದೊಡ್ಡ ಆಕ್ಷೇಪಣೆ ಮತ್ತೊಂದಿದೆ. ತಳಪದೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಕಟ್ಟಲು ಯತ್ನಿಸಿದರು, ಆದರೆ ಯಾವುದನ್ನೂ ಹಾರಿಸಲಾಗಲಿಲ್ಲ ಎಂಬ ಸಂಗತಿ ಆ 1974ರ ಅಧ್ಯಯನದಲ್ಲೇ ಇದೆ. ಆನೇಕಲ್ಲಿನ ಕಡತವೇ ಚೌಪಾಟಿಯ ಬಿಲ್ಲನ್ನು ತಿರಸ್ಕರಿಸಿರುವಾಗ ನಾವು ಎರಡನ್ನೂ ಒಟ್ಟಿಗೆ ಮಂಜೂರು ಮಾಡುವುದು ಹೇಗೆ? ತಳಪದೆಯವರು ಉತ್ಸಾಹಿ ಅಧ್ಯಾಪಕರು, ಪರಾಧೀನ ದೇಶದಲ್ಲಿ ಕನಸು ಕಂಡವರು. ಅವರನ್ನು ಅಷ್ಟರ ಮಟ್ಟಿಗೆ ಸ್ಮರಿಸಿದರೆ ಅವರಿಗೆ ಅವಮಾನವೇನಿಲ್ಲ.

ಕಿಟಿ ಹಾಕ್‌ನ ಕಡತವನ್ನು ಈಗ ಬಿಚ್ಚೋಣ. ಆ ದಿನ ನಾಲ್ಕು ಹಾರಾಟಗಳು ನಡೆದವು. ಮೊದಲನೆಯದು 12 ಸೆಕೆಂಡು, 120 ಅಡಿ. ಕೊನೆಯದು 59 ಸೆಕೆಂಡು, 852 ಅಡಿ. ಆಮೇಲೆ ಗಾಳಿ ಬೀಸಿ ನಿಂತಿದ್ದ ಯಂತ್ರವನ್ನು ಉರುಳಿಸಿ ಮುರಿಯಿತು. ಮೊದಲ ಹಾರಾಟದ ಛಾಯಾಚಿತ್ರವಿದೆ. ಕ್ಯಾಮೆರಾದ ಗುಂಡಿ ಒತ್ತಿದವನು ಕರಾವಳಿಯ ಜೀವರಕ್ಷಣಾ ಠಾಣೆಯ ಜಾನ್ ಡೇನಿಯಲ್ಸ್. ಓರ್ವಿಲ್ ರೈಟ್‌ನ ದಿನಚರಿಯಿದೆ. ತಂದೆಗೆ ಕಳಿಸಿದ ತಂತಿಯಿದೆ. ಅದರಲ್ಲಿ ತಂತಿಯವರ ತಪ್ಪಿನಿಂದ 59 ಸೆಕೆಂಡು 57 ಆಗಿದೆ, ಓರ್ವಿಲ್‌ನ ಹೆಸರಿನ ಕಾಗುಣಿತವೂ ಕೆಟ್ಟಿದೆ. ಇಂಥ ಸಣ್ಣ ತಪ್ಪುಗಳೇ ದಾಖಲೆಯ ಸಾಚಾತನಕ್ಕೆ ಸಾಕ್ಷಿಯೆಂಬುದು ಲೆಕ್ಕ ತಪಾಸಣೆ ಮಾಡಿದವರಿಗೆ ಗೊತ್ತು. ವಿನೋದವೆಂದರೆ, ಮರುದಿನ ವರ್ಜೀನಿಯಾದ ಪತ್ರಿಕೆಯೊಂದು ಆ ಯಂತ್ರ ಮೂರು ಮೈಲಿ ಹಾರಿತೆಂದು ಬರೆಯಿತು. ರೈಟ್ ಸೋದರರ ಕೀರ್ತಿ ಆ ಪತ್ರಿಕಾವರದಿಯನ್ನು ನಂಬಿ ನಿಂತಿದ್ದರೆ ಅವರೂ ಇಂದು ಕಟ್ಟುಕತೆಯವರೇ ಆಗುತ್ತಿದ್ದರು. ಹೀಗಿರುವಾಗ, ಯಾರೂ ಕಾಣದ ‘ಕೇಸರಿ’ಯ ಸಂಚಿಕೆಯೊಂದು ನಾಳೆ ದೊರೆತರೂ ಅದೊಂದರಿಂದಲೇ ಚೌಪಾಟಿಯ ವಿಮಾನ ಮೇಲೇಳುವುದಿಲ್ಲ.

“ಬಿಳಿಯರು ಬಿಳಿಯರ ಪುರಾವೆಯನ್ನು ಮಾತ್ರ ಒಪ್ಪುತ್ತಾರೆ” ಎನ್ನುವವರಿದ್ದಾರೆ. ಅವರ ಗಮನಕ್ಕೆ ಎರಡು ಪ್ರಸಂಗಗಳನ್ನು ತರಬಯಸುತ್ತೇನೆ.

ಫ್ರಾನ್ಸಿನಲ್ಲಿ ಕ್ಲೆಮಾಂ ಆದೆರ್ ಎಂಬ ಎಂಜಿನಿಯರನಿದ್ದ. 1890ರಲ್ಲಿ ಬಾವಲಿಯ ರೆಕ್ಕೆಯಂಥ ಉಗಿಯಂತ್ರದ ವಿಮಾನವನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಸುಮಾರು 50 ಮೀಟರ್ ಜಿಗಿಸಿದ. ಸೈನ್ಯ ಅವನಿಗೆ ಹಣ ಕೊಟ್ಟಿತು. 1897ರಲ್ಲಿ ಸೈನ್ಯಾಧಿಕಾರಿಗಳೆದುರು ಅವನ ಹೊಸ ಯಂತ್ರದ ಪರೀಕ್ಷೆ ನಡೆಯಿತು. 1906ರಲ್ಲಿ, ಯೂರೋಪಿನಲ್ಲಿ ಸಾಂತೋಸ್-ದ್ಯುಮೋಂನ ಹೆಸರು ಮೊಳಗುತ್ತಿದ್ದಾಗ, ತಾನು 1897ರಲ್ಲೇ 300 ಮೀಟರ್ ಹಾರಿದ್ದೆನೆಂದು ಆದೆರ್ ಘೋಷಿಸಿದ. ಫ್ರಾನ್ಸಿನ ಅಭಿಮಾನಕ್ಕೆ ಅದು ಹಬ್ಬದೂಟವಾಗಿತ್ತು. ಆದರೆ ಆ ಪರೀಕ್ಷೆಯ ಅಧಿಕೃತ ವರದಿಯನ್ನು 1910ರಲ್ಲಿ ಬಹಿರಂಗಪಡಿಸಿದವರೂ ಫ್ರೆಂಚರೇ. ಯಂತ್ರ ಹಾರಿರಲಿಲ್ಲವೆಂದು ಅದರಲ್ಲಿತ್ತು. ಆದೆರ್‌ನ ಯಂತ್ರವನ್ನು ಅವರು ಇಂದಿಗೂ ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ಪ್ರೀತಿಯಿಂದ ತೂಗುಹಾಕಿದ್ದಾರೆ.

ಎರಡನೆಯದು ಇನ್ನೂ ಬೋಧಪ್ರದ. ಅಮೆರಿಕದ ರಾಷ್ಟ್ರೀಯ ಸಂಸ್ಥೆಯಾದ ಸ್ಮಿತ್ಸೋನಿಯನ್ನಿನ ಮುಖ್ಯಸ್ಥ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಹೆಸರಾಂತ ಖಗೋಳವಿಜ್ಞಾನಿ. ಯುದ್ಧ ಇಲಾಖೆ ಅವನಿಗೆ ವಿಮಾನ ಕಟ್ಟಲು 50,000 ಡಾಲರ್ ಕೊಟ್ಟಿತ್ತು. 1903ರ ಅಕ್ಟೋಬರ್ 7ರಂದು ಒಮ್ಮೆ, ಡಿಸೆಂಬರ್ 8ರಂದು ಮತ್ತೊಮ್ಮೆ ಅವನ ಯಂತ್ರ ಪೊಟೊಮ್ಯಾಕ್ ನದಿಗೆ ಬಿತ್ತು. ಒಂಬತ್ತು ದಿನಗಳ ತರುವಾಯ ಸೈಕಲ್ ಅಂಗಡಿಯ ಇಬ್ಬರು ಸೋದರರು ತಮ್ಮದೇ ಸಾವಿರ ಡಾಲರಿನೊಳಗಿನ ಖರ್ಚಿನಲ್ಲಿ ಹಾರಿಬಿಟ್ಟರು. ಸರಕಾರಿ ಸಂಸ್ಥೆಯೊಂದಕ್ಕೆ ಇದು ಎಷ್ಟು ಸಂಕಟದ ವಿಷಯವೆಂಬುದನ್ನು ಸರಕಾರಿ ನೌಕರನಾದ ನಾನು ಊಹಿಸಬಲ್ಲೆ! ಲ್ಯಾಂಗ್ಲಿಯ ಮರಣಾನಂತರ, 1914ರಲ್ಲಿ, ಆ ಸಂಸ್ಥೆ ಅವನ ಹಳೆಯ ಯಂತ್ರವನ್ನು ಗ್ಲೆನ್ ಕರ್ಟಿಸ್ ಎಂಬವನಿಗೆ ಕೊಟ್ಟಿತು. ಅವನು ರೈಟ್ ಸೋದರರೊಡನೆ ಪೇಟೆಂಟಿನ ವ್ಯಾಜ್ಯದಲ್ಲಿದ್ದವನು. ಯಂತ್ರದ ಹತ್ತಾರು ಭಾಗಗಳನ್ನು ಸದ್ದಿಲ್ಲದೆ ಬದಲಿಸಿ, ಸರೋವರವೊಂದರ ಮೇಲೆ ಚಿಮ್ಮಿಸಿ, “ಲ್ಯಾಂಗ್ಲಿಯ ಯಂತ್ರವೇ ಹಾರಬಲ್ಲ ಮೊದಲ ವಿಮಾನ” ಎಂಬರ್ಥದ ಫಲಕದೊಂದಿಗೆ ವಸ್ತುಸಂಗ್ರಹಾಲಯದಲ್ಲಿ ಇಡಲಾಯಿತು. ಹಿರಿಯ ಸೋದರ ವಿಲ್ಬರ್ 1912ರಲ್ಲೇ ತೀರಿಕೊಂಡಿದ್ದ. ಕಿರಿಯ ಓರ್ವಿಲ್ ಪ್ರತಿಭಟಿಸಿ 1928ರಲ್ಲಿ ತನ್ನ ಅಸಲು ವಿಮಾನವನ್ನು ಹಡಗಿನಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕಳಿಸಿಬಿಟ್ಟ. ಅಮೆರಿಕದ ಹೆಮ್ಮೆಯ ವಸ್ತು ಇಪ್ಪತ್ತು ವರ್ಷ ಪರದೇಶದಲ್ಲಿತ್ತು. ಕಡೆಗೆ 1942ರಲ್ಲಿ ಸ್ಮಿತ್ಸೋನಿಯನ್ ತಾನು 1914ರಲ್ಲಿ ಮಾಡಿದ ಬದಲಾವಣೆಗಳ ಪಟ್ಟಿಯನ್ನು ಅಚ್ಚು ಹಾಕಿಸಿ ತಪ್ಪೊಪ್ಪಿಕೊಂಡಿತು. 1948ರ ಡಿಸೆಂಬರ್ 17ರಂದು ವಿಮಾನ ಸ್ವದೇಶದಲ್ಲಿ ಪ್ರತಿಷ್ಠಿತವಾಯಿತು. ಓರ್ವಿಲ್ ಅದನ್ನು ನೋಡಲು ಬದುಕಿರಲಿಲ್ಲ.

ಸುಳ್ಳು ಅಭಿಮಾನ ನಮ್ಮೊಬ್ಬರ ರೋಗವಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ಅಷ್ಟೇ ಏಕೆ, ಕನೆಕ್ಟಿಕಟ್ ಎಂಬ ಅಮೆರಿಕದ ರಾಜ್ಯವು ತನ್ನೂರಿನ ಗುಸ್ಟಾವ್ ವೈಟ್‌ಹೆಡ್‌ನೇ ಮೊದಲು ಹಾರಿದವನೆಂದು 2013ರಲ್ಲಿ ಕಾನೂನನ್ನೇ ಮಾಡಿತು! ಶಾಸನಸಭೆಗಳ ಬುದ್ಧಿ ಎಲ್ಲ ಖಂಡಗಳಲ್ಲೂ ಒಂದೇ. ಆದರೆ ಬೇರೆಡೆಗಳಲ್ಲಿ ಕಡತ ಬಿಚ್ಚುವವರೂ ಇದ್ದಾರೆ, ಅವರ ಮಾತಿಗೆ ಬೆಲೆಯೂ ಇದೆ. ನಮ್ಮಲ್ಲಿ 1974ರಲ್ಲಿ ಕಡತ ಬಿಚ್ಚಿದ ಮೇಲೂ, 2015ರ ಜನವರಿಯಲ್ಲಿ ಇದೇ ಮುಂಬಯಿಯ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ 102ನೆಯ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ ಕ್ಯಾಪ್ಟನ್ ಆನಂದ ಬೋಡಸ್ ಅವರು ಅದೇ ಗ್ರಂಥದ ಆಧಾರದಿಂದ ಪ್ರಾಚೀನ ವಿಮಾನಗಳ ಬಗ್ಗೆ ಉಪನ್ಯಾಸ ಕೊಟ್ಟರು. ಬೆಂಗಳೂರಿನ ಅಧ್ಯಯನ ಯಾರ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತೋ ಗೊತ್ತಿಲ್ಲ.

ರೈಟ್ ಸೋದರರನ್ನು ನಾನು ಮೆಚ್ಚುವುದು ಅವರು ಮೊದಲಿಗರೆಂಬ ಕಾರಣಕ್ಕಿಂತ ಅವರು ಹಾರಲು ಕಲಿತ ರೀತಿಗಾಗಿ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ನಮ್ಮ ಮಕ್ಕಳಿಗೆ ಹೇಳದೆ ಬಿಡುತ್ತಿರುವುದು ಇದನ್ನೇ.

ಶತಮಾನಗಳ ಕಾಲ ಹಾರಬಯಸಿದವರೆಲ್ಲ ಹಕ್ಕಿಯಂತೆ ರೆಕ್ಕೆ ಬಡಿಯಹೊರಟರು. ಎತ್ತುವ ಬಲ ಬೇರೆ, ಮುಂದೆ ನೂಕುವ ಬಲ ಬೇರೆ, ಇವೆರಡನ್ನೂ ಒಂದೇ ರೆಕ್ಕೆಯಿಂದ ಸಾಧಿಸಬೇಕಾಗಿಲ್ಲ ಎಂದು ಕಂಡುಕೊಂಡವನು ಇಂಗ್ಲೆಂಡಿನ ಜಾರ್ಜ್ ಕೇಲಿ. 1799ರಲ್ಲಿ ಅವನು ಬೆಳ್ಳಿಯ ಬಿಲ್ಲೆಯೊಂದರ ಮೇಲೆ ಒಂದು ಬದಿಗೆ ಆ ಬಲಗಳನ್ನೂ ಇನ್ನೊಂದು ಬದಿಗೆ ಸ್ಥಿರ ರೆಕ್ಕೆಯ ವಿಮಾನವನ್ನೂ ಕೊರೆಸಿದ. ಜರ್ಮನಿಯ ಓಟೊ ಲಿಲಿಯೆಂಟಾಲ್ ಗುಡ್ಡಗಳ ಮೇಲಿಂದ ಸುಮಾರು 2,000 ಬಾರಿ ತೇಲಿ, ರೆಕ್ಕೆಯ ಯಾವ ಬಾಗಿಗೆ ಎಷ್ಟು ಬಲವೆಂಬ ಕೋಷ್ಟಕ ಬರೆದಿಟ್ಟು, 1896ರ ಆಗಸ್ಟಿನಲ್ಲಿ ಬಿದ್ದು ಸತ್ತ. ಆ ಸಾವಿನ ಸುದ್ದಿ ಓದಿದ ರೈಟ್ ಸೋದರರು ಅವನ ಕೋಷ್ಟಕವನ್ನೇ ಹಿಡಿದು ಕೆಲಸಕ್ಕಿಳಿದರು. 1901ರಲ್ಲಿ ಅವರು ಕಟ್ಟಿದ ಗಾಳಿತೇಲುಗ ಲೆಕ್ಕಕ್ಕೆ ಬಂದ ಬಲದ ಸುಮಾರು ಮೂರರಲ್ಲೊಂದು ಪಾಲನ್ನು ಮಾತ್ರ ಕೊಟ್ಟಿತು. ಇಲ್ಲಿಯೇ ನೋಡಿ, ಶಾಸ್ತ್ರಕ್ಕೂ ವಿಜ್ಞಾನಕ್ಕೂ ದಾರಿ ಕವಲೊಡೆಯುವುದು. ಗುರುವಾಕ್ಯ ಸುಳ್ಳಾಗದು, ತಪ್ಪು ನಮ್ಮ ಅನುಷ್ಠಾನದಲ್ಲಿದೆ ಎಂದು ಅವರು ಕೂರಲಿಲ್ಲ. ತಮ್ಮ ಅಂಗಡಿಯಲ್ಲಿ ಆರಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಂದು ತುದಿಗೆ ಬೀಸಣಿಗೆ ಕೂಡಿಸಿ, ಗಾಳಿಸುರಂಗ ನಿರ್ಮಿಸಿದರು. ಸೈಕಲ್ಲಿನ ಕಡ್ಡಿಗಳಿಂದ, ಗರಗಸದ ತುಂಡುಗಳಿಂದ ತಕ್ಕಡಿ ಮಾಡಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಲಿಲಿಯೆಂಟಾಲ್‌ನ ಕೋಷ್ಟಕ ಬಹುಮಟ್ಟಿಗೆ ಸರಿಯಾಗಿತ್ತು. ಹದಿನೆಂಟನೆಯ ಶತಮಾನದ ಸ್ಮೀಟನ್ ಎಂಬ ಎಂಜಿನಿಯರನ ಹೆಸರಿನಲ್ಲಿ ಎಲ್ಲರೂ ಕಣ್ಣುಮುಚ್ಚಿ ಬಳಸುತ್ತಿದ್ದ ಗುಣಾಂಕವೇ ತಪ್ಪಾಗಿತ್ತು. 0.005 ಎಂದು ಬಳಸುತ್ತಿದ್ದುದು ವಾಸ್ತವವಾಗಿ 0.0033 ಇರಬೇಕಿತ್ತು. ನೂರೈವತ್ತು ವರ್ಷ ಪ್ರಮಾಣವೆಂದು ನಡೆದುಬಂದ ಅಂಕಿಯೊಂದನ್ನು ಕಾಲೇಜು ಮೆಟ್ಟಿಲು ಹತ್ತದ ಇಬ್ಬರು ಹಿತ್ತಿಲ ಪೆಟ್ಟಿಗೆಯಿಂದ ತಿದ್ದಿದರು.

ಅದಕ್ಕೂ ಮಿಗಿಲಾದದ್ದು ಹತೋಟಿಯ ಪ್ರಶ್ನೆ. ಲ್ಯಾಂಗ್ಲಿಯಂಥವರು ಬಲಿಷ್ಠ ಎಂಜಿನ್ ಸಿಕ್ಕರೆ ಸಾಕೆಂದುಕೊಂಡಿದ್ದರು. ರೈಟ್ ಸೋದರರಿಗೆ ಸೈಕಲ್ ಗೊತ್ತಿತ್ತು: ವಾಹನ ತಾನಾಗಿ ನೆಟ್ಟಗೆ ನಿಲ್ಲಬೇಕಾಗಿಲ್ಲ, ಸವಾರ ಅದನ್ನು ಕ್ಷಣಕ್ಷಣವೂ ಸರಿದೂಗಿಸಿಕೊಂಡರೆ ಸಾಕು. ರೆಕ್ಕೆಯ ತುದಿಗಳನ್ನು ತಿರುಚಿ ಎಡಬಲಕ್ಕೆ ವಾಲುವ, ಮುಂಗಡೆಯ ಹಲಗೆಯಿಂದ ಏರಿಳಿಯುವ, ಹಿಂದಿನ ಚುಕ್ಕಾಣಿಯಿಂದ ದಿಕ್ಕು ತಿದ್ದುವ ಕ್ರಮವನ್ನು 1902ರ ಶರತ್ಕಾಲದಲ್ಲಿ ಎಂಜಿನ್ನಿಲ್ಲದ ಯಂತ್ರದಲ್ಲಿ 700ಕ್ಕೂ ಹೆಚ್ಚು ಬಾರಿ ತೇಲಿ ಕೈವಶ ಮಾಡಿಕೊಂಡರು. ಆಮೇಲಷ್ಟೇ ಅವರ ಅಂಗಡಿಯ ಕುಶಲಕರ್ಮಿ ಚಾರ್ಲಿ ಟೇಲರ್ ಸುಮಾರು 12 ಅಶ್ವಶಕ್ತಿಯ ಎಂಜಿನ್ ಮಾಡಿಕೊಟ್ಟ. ನಮ್ಮ ‘ವೈಮಾನಿಕ ಶಾಸ್ತ್ರ’ದಲ್ಲಿ ಚಾಲಕನು ಅರಿಯಬೇಕಾದ 32 ರಹಸ್ಯಗಳಿವೆ. ವಿಮಾನವನ್ನು ಅದೃಶ್ಯವಾಗಿಸುವುದಿದೆ, ಶತ್ರುವಿಮಾನದೊಳಗಿನ ಮಾತು ಕೇಳಿಸಿಕೊಳ್ಳುವುದಿದೆ. ಚಾಲಕನ ಆಹಾರ, ಉಡುಪುಗಳ ವಿವರವಿದೆ. ಗಾಳಿ ಒಂದು ಬದಿಯಿಂದ ತಳ್ಳಿದಾಗ ಈ ವಸ್ತು ಮಗುಚದಿರುವುದು ಹೇಗೆ ಎಂದು ಲೆಕ್ಕ ಹಾಕಿದ ಒಂದು ಶ್ಲೋಕವನ್ನು ನಾನು ಅದರಲ್ಲಿ ಕಾಣಲಿಲ್ಲ. ಒಮ್ಮೆಯಾದರೂ ಆಕಾಶದಲ್ಲಿ ಹೆದರಿದವರು ಬರೆದ ಗ್ರಂಥ ಹೀಗಿರುವುದಿಲ್ಲ.

ಪುಷ್ಪಕ ವಿಮಾನವನ್ನು ಹೀಗಳೆಯುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು. ಮನಸ್ಸಿನ ವೇಗದ ರಥವನ್ನು ಕಲ್ಪಿಸಿದ ಕವಿ ದೊಡ್ಡವನು. ದೇಗುಲದ ಗರ್ಭಗುಡಿಯ ಮೇಲಿನ ಶಿಖರವನ್ನು ವಿಮಾನವೆಂದು ಕರೆದ ನಾಡು ನಮ್ಮದು; ಪಟ್ಟದಕಲ್ಲಿನ ಶಿಲ್ಪಿಗಳು ಕಲ್ಲನ್ನೇ ಮೇಲೇರಿಸಿದರು. ಕಾವ್ಯವನ್ನು ಯಂತ್ರದ ನಕ್ಷೆಯೆಂದು ಓದುವವರು ಕಾವ್ಯಕ್ಕೆ ಮಾಡುವ ಅಪಚಾರ ಎಂಜಿನಿಯರಿಂಗಿಗೆ ಮಾಡುವ ಅಪಚಾರಕ್ಕಿಂತ ಹಗುರವೇನಲ್ಲ.

ಈಗ ನಷ್ಟದ ಲೆಕ್ಕಕ್ಕೆ ಬರುತ್ತೇನೆ. 1879ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ವಿ. ಸೆಟ್ಟಿ ಎಂಬ ಎಂಜಿನಿಯರರ ಹೆಸರನ್ನು ನಮ್ಮ ಓದುಗರಲ್ಲಿ ಎಷ್ಟು ಜನ ಕೇಳಿದ್ದಾರೆ? ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಇಂಗ್ಲೆಂಡಿಗೆ ಹೋದ ಅವರು, 1911-12ರಲ್ಲಿ, ಅಂದರೆ ರೈಟ್ ಸೋದರರ ಹಾರಾಟವಾಗಿ ಇನ್ನೂ ಹತ್ತು ವರ್ಷ ತುಂಬುವ ಮೊದಲೇ, ವಿಮಾನ ನಿರ್ಮಾಪಕ ಎ. ವಿ. ರೋ ಅವರ ಸಂಸ್ಥೆಯಲ್ಲಿ ದುಡಿದರು. ಊರಿಗೆ ಮರಳಿ ಮೈಸೂರು ಸಂಸ್ಥಾನದ ಸೇವೆ ಸೇರಿ, 1918ರ ಇನ್‌ಫ್ಲುಯೆಂಜ ಮಾರಿಗೆ ಬಲಿಯಾದರು. ಅದೇ 1918ರಲ್ಲಿ ಆನೇಕಲ್ಲಿನಲ್ಲಿ ಶ್ಲೋಕಗಳ ಲಿಪಿಕಾರ್ಯ ಆರಂಭವಾಯಿತು. ಒಂದೇ ಸೀಮೆ, ಒಂದೇ ವರ್ಷ. ನಮ್ಮ ವೇದಿಕೆಗಳಲ್ಲಿ ಅಮರರಾದವರು ಯಾರು, ಅಳಿದವರು ಯಾರು?

1940ರಲ್ಲಿ ವಾಲ್‌ಚಂದ್ ಹೀರಾಚಂದರ ಬಂಡವಾಳಕ್ಕೆ ಮೈಸೂರು ಸಂಸ್ಥಾನದ ಆಸರೆ ಕೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹುಟ್ಟಿತು. ಮುಂಬಯಿಯ ಹಣ, ಕನ್ನಡದ ನೆಲ: ಮರಾಠಿ-ಕನ್ನಡ ಸಹಕಾರದ ಕತೆ ಬೇಕಾದವರು ಇದನ್ನು ಹೇಳಬಾರದೆ? ಕೊಲ್ಹಾಪುರ ಸೀಮೆಯ ವಿ. ಎಂ. ಘಾಟಗೆಯವರು ಜರ್ಮನಿಯಲ್ಲಿ ಪ್ರಾಂಟ್ಲರ ಶಿಷ್ಯರಾಗಿ ಕಲಿತು ಬಂದು, ಬೆಂಗಳೂರಿನಲ್ಲಿ ನೆಲೆನಿಂತು, 1951ರಲ್ಲಿ ಹಾರಿದ ಎಚ್.ಟಿ.-2 ತರಬೇತಿ ವಿಮಾನದ ವಿನ್ಯಾಸದ ನೇತೃತ್ವ ವಹಿಸಿದರು. 1961ರ ಜೂನ್ 17ರಂದು ಎಚ್.ಎಫ್.-24 ‘ಮರುತ್’ ಮೊದಲ ಬಾರಿಗೆ ಆಕಾಶಕ್ಕೇರಿತು. ಹೆಸರನ್ನು ಗಮನಿಸಿ: ಹಾರದ ಮರುತ್ಸಖ ನಮಗೆ ನೆನಪಿದೆ, ಹಾರಿದ ಮರುತ್ ಮರೆತುಹೋಗಿದೆ. ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರ ಜನವರಿ 10ರಂದು ಅದರ ಸುಧಾರಿತ ಮಾದರಿಯನ್ನು ಪರೀಕ್ಷಿಸುತ್ತ ಬೆಂಗಳೂರಿನಲ್ಲೇ ಪ್ರಾಣ ತೆತ್ತರು. ರಜೆಯಲ್ಲಿ ಊರಿಗೆ ಹೋದಾಗ ಸುರಂಜನ್ ದಾಸ್ ರಸ್ತೆಯ ವಾಹನದಟ್ಟಣೆಯನ್ನು ಶಪಿಸುವ ನಾವು ಆ ಹೆಸರು ಯಾರದೆಂದು ಕೇಳುವುದಿಲ್ಲ. 2009ರ ಮಾರ್ಚ್ 6ರಂದು ಬಿಡದಿಯ ಬಳಿ ‘ಸರಸ್’ ವಿಮಾನದ ಪರೀಕ್ಷೆಯಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳು ಮಡಿದರು.

ಮರುತ್ ಒಳ್ಳೆಯ ವಿಮಾನ, ಆದರೆ ಅದಕ್ಕೆ ತಕ್ಕ ಎಂಜಿನ್ ನಮಗೆ ಕೊನೆಯವರೆಗೂ ದೊರೆಯಲಿಲ್ಲ. 2001ರ ಜನವರಿ 4ರಂದು ಬೆಂಗಳೂರಿನಿಂದ ಹಾರಿದ ‘ತೇಜಸ್’ ಅಮೆರಿಕದ ಎಂಜಿನ್ನನ್ನು ಹೊತ್ತು ಹಾರಿತು. ಅದಕ್ಕೆಂದು ಬೆಂಗಳೂರಿನಲ್ಲಿ ರೂಪಿಸುತ್ತಿದ್ದ ‘ಕಾವೇರಿ’ ಎಂಜಿನ್ನನ್ನು 2008ರಲ್ಲಿ ಆ ಯೋಜನೆಯಿಂದ ಬೇರ್ಪಡಿಸಬೇಕಾಯಿತು. ಕುಲುಮೆಯ ಕಾವಿನಲ್ಲಿ ಕರಗದ ಅಲಗು, ಸಾವಿರಾರು ತಾಸಿನ ಪರೀಕ್ಷೆ, ಬರೆದಿಟ್ಟ ಸೋಲುಗಳು ಇವೆಲ್ಲ ಬೇಡುವ ಕೆಲಸವದು. ಪಾದರಸ ಕುದಿಸಿದರೆ ಪೂರ್ವಜರು ಹಾರುತ್ತಿದ್ದರೆಂದು ಕೇಳಿ ಬೆಳೆದ ಹುಡುಗ ಆ ಕೆಲಸಕ್ಕೆ ಏಕೆ ಕೈಹಾಕಿಯಾನು? ಅವನ ಪಾಲಿಗೆ ಸಾಧಿಸಬೇಕಾದುದೆಲ್ಲ ಸಾಧಿಸಿ ಮುಗಿದಿದೆ. ಉಳಿದಿರುವುದು ಕದ್ದವರನ್ನು ಬಯ್ಯುವುದೊಂದೇ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಸೂಚನೆಗಳನ್ನಿಡುತ್ತೇನೆ. ಮಕ್ಕಳ ರಸಪ್ರಶ್ನೆಯ ಪಟ್ಟಿಯಿಂದ ಚೌಪಾಟಿಯ ಪ್ರಶ್ನೆಯನ್ನು ತೆಗೆದುಹಾಕಬೇಕು. ಸೆಟ್ಟಿ, ಘಾಟಗೆ, ಸುರಂಜನ್ ದಾಸ್ ಇವರ ಬಗ್ಗೆ ಪ್ರಶ್ನೆಗಳು ಬರಬೇಕು. ಗ್ರಂಥಾಲಯದಿಂದ ‘ವೈಮಾನಿಕ ಶಾಸ್ತ್ರ’ವನ್ನು ಹೊರಹಾಕಬೇಕೆಂದು ನಾನು ಹೇಳುವುದಿಲ್ಲ, ಯಾವ ಪುಸ್ತಕಕ್ಕೂ ಆ ಗತಿ ಬರಬಾರದು, ಅದರ ಪಕ್ಕದಲ್ಲೇ 1974ರ ಅಧ್ಯಯನವನ್ನೂ ಇಡಬೇಕು. ಅದು ಇಂಗ್ಲಿಷಿನಲ್ಲಿದೆ. ಲೇಖಕರ ಅನುಮತಿ ದೊರೆತರೆ ಅದನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ, ಅಚ್ಚಿನ ವೆಚ್ಚದಲ್ಲಿ ಅರ್ಧವನ್ನೂ ಕೊಡುತ್ತೇನೆ. ಉಳಿದರ್ಧವನ್ನು ಹೊರಲು ಸಮಿತಿಗೆ ಒಪ್ಪಿಗೆಯಿದೆಯೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸುವುದು.